ನೆತ್ತಿಯ ಮೇಲಿನ ಮೂರು ಉಸಿರು

ಕ್ಲಾತೆನ್ ಸುತ್ತಿನ ಹಳ್ಳಿಗಳಲ್ಲಿ ಮದುವಣಗಿತ್ತಿಯ ಹಣೆಗೆ ಕಪ್ಪು ಗೆರೆ ಎಳೆಯಲು ವಾರ್ಸಿಯೆಮ್ ದೊಡ್ಡಮ್ಮನೇ ಬರಬೇಕಿತ್ತು. ಬೇರೆಯವರು ಹಚ್ಚಿದರೆ ಬರೀ ಮಸಿ, ಅವರು ಹಚ್ಚಿದರೆ ಕಳೆ. ಆ ಕಳೆ ತಮ್ಮ ಉಪವಾಸದಿಂದಲೇ ಬರುವುದೆಂದು ಅವರು ನಂಬಿದ್ದರು. ಮದುವೆಗೆ ಮೂರು ದಿನ ಮುಂಚಿನಿಂದ ಉಪ್ಪಿಲ್ಲದ ಬಿಳಿ ಅನ್ನ, ನಾಲ್ಕು ಗುಟುಕು ನೀರು, ಅಷ್ಟೇ. ಅಲಂಕಾರ ಮುಗಿದ ಮೇಲೆ ಹುಡುಗಿಯ ನೆತ್ತಿಯ ಮೇಲೆ ಮೂರು ಸಲ ಊದಿ ಹರಸುತ್ತಿದ್ದರು. ಹದಿನೆಂಟು ವರ್ಷ ಅವರ ಪಕ್ಕ ಕೂತು ಕಪ್ಪು ಅರೆದುಕೊಟ್ಟವಳು ನಾನು, ತುಮಿನಿ.

ಅರವತ್ತು ದಾಟಿದ ಮೇಲೆ ಆ ಉಸಿರು ನಾರತೊಡಗಿತು. ಸುಮ್ಮನೆ ನಾರುವುದಲ್ಲ, ಹೂವು ಕೊಳೆತ ನೀರಿನ ವಾಸನೆ. ಗೆರೆ ಎಳೆಯುವಾಗ ಮುಖಕ್ಕೂ ಮುಖಕ್ಕೂ ಗೇಣು ದೂರ. ಹುಡುಗಿಯರು ಉಸಿರು ಬಿಗಿಹಿಡಿದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ತವರು ಬಿಡುವ ಸಂಕಟವೆಂದು ದೊಡ್ಡಮ್ಮ ಕರಗಿಹೋಗುತ್ತಿದ್ದರು. "ಅಳಬೇಡ ಕಣಮ್ಮಾ, ಗಂಡನ ಮನೆ ಏನು ದೂರಾನಾ? ಕಾಲುವೆ ಆಚೆ ತಾನೇ!" ಎಂದು ಇನ್ನಷ್ಟು ಹತ್ತಿರ ಬಾಗುತ್ತಿದ್ದರು. ನಾನು ತಲೆ ತಗ್ಗಿಸಿ ಕಪ್ಪು ಅರೆಯುತ್ತಿದ್ದೆ.

ಕರೆಯುವವರು ಕಡಿಮೆಯಾದರು. "ನನ್ನ ವ್ರತದಲ್ಲೇ ಏನೋ ಕೊರತೆ ಆಗಿದೆ ತುಮಿ, ಕಳೆ ಹೋಗ್ಬಿಟ್ಟಿದೆ" ಎಂದು ಮೂರು ದಿನದ ಉಪವಾಸವನ್ನು ಏಳಕ್ಕೆ ಏರಿಸಿದರು. ನೀರನ್ನೂ ಕಡಿಮೆ ಮಾಡಿದರು. ಬಾಯಿ ಒಣಗಿ ವಾಸನೆ ಇಮ್ಮಡಿಯಾಯಿತು. ಆಗಲಾದರೂ ಹೇಳಬಹುದಿತ್ತು. ಹಿರಿಯರ ಮುಖಕ್ಕೆ ಹಾಗೆಲ್ಲ ಹೇಳುವುದುಂಟೇ ಎಂದು ಲವಂಗ ತಂದುಕೊಟ್ಟೆ. "ವ್ರತದಲ್ಲಿ ಲವಂಗ ತಿಂತಾರೇನೇ, ಪೆದ್ದಿ!" ಎಂದು ಬೈದರು. ನನ್ನ ಧೈರ್ಯ ಅಷ್ಟಕ್ಕೇ ಮುಗಿಯಿತು. ಥೂ, ನನ್ನ ಜನ್ಮಕ್ಕೆ!

ಅವರಿಗೆ ಉಳಿದಿದ್ದ ಆಸೆ ಒಂದೇ, ಮೊಮ್ಮಗಳು ವೆನಿಂಗ್‌ಳ ಹಣೆಗೆ ತಾವೇ ಗೆರೆ ಎಳೆಯಬೇಕು. ಮದುವೆಗೆ ತಿಂಗಳಿರುವಾಗ ವೆನಿಂಗ್ ನನ್ನನ್ನು ಹಿತ್ತಲಿಗೆ ಎಳೆದೊಯ್ದಳು.

"ಅತ್ತೆ, ಅಜ್ಜಿ ಊದಿದ್ರೆ ನಾನು ಅಲ್ಲೇ ವಾಂತಿ ಮಾಡ್ಕೋತೀನಿ. ನೀವೇ ಹೇಳಿ, ನಿಮ್ಮ ಮಾತು ಕೇಳ್ತಾರೆ."

"ಹೇಳ್ತೀನಿ ಬಿಡು" ಎಂದೆ. ಹೇಳಲಿಲ್ಲ. ಇವತ್ತು, ನಾಳೆ ಎನ್ನುತ್ತಲೇ ದಿನ ಬಂತು. ವೆನಿಂಗ್ ಪೇಟೆಯಿಂದ ಬೇರೆಯವರನ್ನು ಕರೆಸಿದಳು. ದೊಡ್ಡಮ್ಮ ಹಿಂದಿನ ಸಾಲಿನಲ್ಲಿ ಕೂತು ದೂರದಿಂದಲೇ ಮೂರು ಸಲ ಊದಿದರು.

ಎರಡು ತಿಂಗಳಿಗೆ ಅವರಿಗೆ ಹಲ್ಲುನೋವು ಬಂತು, ಆಸ್ಪತ್ರೆಗೆ ಕರೆದೊಯ್ದೆ. ಹಲ್ಲಿನ ಡಾಕ್ಟರು ಒಸಡಿನ ಕೀವು ತೆಗೆದು, ಹಲ್ಲಿಗೆ ಗಟ್ಟಿಯಾಗಿ ಅಂಟಿದ್ದನ್ನೆಲ್ಲ ಕೆರೆದು ಹಾಕಿದರು. "ದಿನಾ ನಾಲಿಗೆ ಕೆರೀರಿ ಅಜ್ಜಿ. ಆಗಾಗ ನೀರು ಕುಡೀತಾ ಇರಿ, ಬಾಯಿ ಒಣಗೋಕೆ ಬಿಡಬೇಡಿ" ಎಂದರು. ಹದಿನೈದು ದಿನದ ಮೇಲೆ ಮತ್ತೆ ತೋರಿಸಿದಾಗ ಡಾಕ್ಟರು ನಕ್ಕರು. "ನೋಡಿ, ಆ ನಾತ ಪೂರ್ತಿ ಹೋಯ್ತು!"

"ನಾತಾನಾ?" ಎಂದರು ದೊಡ್ಡಮ್ಮ.

ಹೊರಗೆ ಮೆಟ್ಟಿಲ ಮೇಲೆ ನಿಂತರು. "ವೆನಿಂಗ್‌ಗೆ ಗೊತ್ತಿತ್ತೇನೇ?"

"ಹೂಂ."

"ನಿನಗೆ?"

ನಾನು ಬಗ್ಗಿ ಅವರ ಚಪ್ಪಲಿಯನ್ನು ಕಾಲ ಬಳಿ ಸರಿಸಿಟ್ಟೆ.

"ಇನ್ಮೇಲೆ ನೀನೇ ಊದು ತುಮಿ. ಒಂದ್ಸಲಾನೂ ತೆರೆಯದ ಬಾಯಿ, ಅದ್ಯಾಕೆ ನಾರುತ್ತೆ?"

ಆಮೇಲೆ ಅವರು ಯಾವ ಹುಡುಗಿಯ ಹಣೆಯನ್ನೂ ಮುಟ್ಟಲಿಲ್ಲ.