ಅವ್ವನ ಜೋಳದ ಚೀಲ

ಹಳ್ಳಿ ಬಿಟ್ಟು ಆದವಾನಿಗೆ ಬಂದಾಗ ನನಗೆ ಒಂಬತ್ತು ವರ್ಷ, ತಮ್ಮನಿಗೆ ಹತ್ತು ತಿಂಗಳು. ಅಪ್ಪನಿಗೆ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಎರಡೇ ಕೋಣೆಯ ಬಾಡಿಗೆ ಮನೆ. ಹತ್ತಿಯ ಕಾಲದಲ್ಲಿ ಬಟ್ಟೆ ಒಗೆದು ಒಣಹಾಕಿದರೆ ಸಂಜೆಗೆ ಅದರ ತುಂಬ ಅರಳೆಯ ಎಳೆ ಅಂಟಿರುತ್ತಿತ್ತು. ಅಮ್ಮ ಅದನ್ನು ಬಿಡಿಸುತ್ತ ಕೂತು ಊರನ್ನೆಲ್ಲ ಬೈಯುತ್ತಿದ್ದಳು. ನನಗೆ ಮಾತ್ರ ಆ ಊರು ಹಿಡಿಸಿಬಿಟ್ಟಿತ್ತು, ಏಕೆಂದರೆ ಅಲ್ಲಿನ ಕನ್ನಡ ಶಾಲೆಯಲ್ಲಿ ತರಗತಿಗೊಬ್ಬ ಮೇಷ್ಟರಿದ್ದರು. ಹಳ್ಳಿಯಲ್ಲಿ ನಾಲ್ಕು ತರಗತಿಗೂ ಒಬ್ಬರೇ, ಅವರೂ ಅರ್ಧ ದಿನ ನಿದ್ದೆಯಲ್ಲಿ.

ಅಮ್ಮ ಮದುವೆಗೆ ಮುಂಚೆಯೇ ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಯಾವಾಗಲೋ ಹಾಕಿದ್ದ ಅರ್ಜಿಗೆ ಆ ವರ್ಷ ಜವಾಬು ಬಂತು. ಊರಿನ ಇನ್ನೊಂದು ತುದಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಕಾಗದ ಬಂದ ದಿನ ಮಧ್ಯಾಹ್ನವೆಲ್ಲ ಅಮ್ಮ ಸುಮ್ಮಸುಮ್ಮನೆ ನಗುತ್ತಿದ್ದಳು. ಸಂಜೆ ಊಟಕ್ಕೆ ಕೂತಾಗ ಅಪ್ಪ ಕೇಳಿದ, "ಕೂಸಿನ್ನ ಯಾರು ನೋಡ್ಕೊಂತಾರ?" ಅಮ್ಮ ಉತ್ತರ ಕೊಡುವ ಮೊದಲೇ ತಾನೇ ಹೇಳಿದ, "ಒಂದು ವರ್ಷ ಈಕಿನ್ನ ಸಾಲಿ ಬಿಡಿಸಿದ್ರ ಆತು. ಹೆಣ್ಣುಹುಡುಗಿ, ಒಂದು ವರ್ಷಕ್ಕ ಏನಾಗ್ತೈತಿ."

ಅಪ್ಪ ಕೆಟ್ಟವನಲ್ಲ. ನಾಳೆ ಯಾವ ಪಲ್ಯ ಅನ್ನುವಷ್ಟು ಸಲೀಸಾಗಿ ಅಂದ, ಅಷ್ಟೆ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು. ನಮ್ಮ ಓಣಿಯಲ್ಲಿ ಹಾಗೆ ಒಂದು ವರ್ಷಕ್ಕೆಂದು ಶಾಲೆ ಬಿಟ್ಟ ಇಬ್ಬರು ಹುಡುಗಿಯರಿದ್ದರು. ನಾನು ಚೀಲ ಹಾಕಿಕೊಂಡು ಹೋಗುವಾಗ ಅವರು ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿರುತ್ತಿದ್ದರು. ಅವರ ಆ ಒಂದು ವರ್ಷ ಮುಗಿದದ್ದನ್ನು ನಾನು ಕಾಣಲೇ ಇಲ್ಲ.

ಅಮ್ಮ ಅವತ್ತು ಜಗಳವಾಡಲಿಲ್ಲ. ಮರುದಿನ ಹೊಳಗುಂದದಲ್ಲಿದ್ದ ತನ್ನ ತಾಯಿಗೆ ಒಂದು ಕಾಗದ ಬರೆದು ಹಾಕಿದಳು.

ಅಮ್ಮನ ತಾಯಿಯನ್ನು ನಾವು ಅವ್ವ ಅನ್ನುತ್ತಿದ್ದೆವು. ಎಂಟನೆಯ ದಿನ ಅವ್ವ ಬಂದಿಳಿದಳು. ಜಟಕಾದಿಂದ ಮೊದಲು ಇಳಿದದ್ದು ಆಕೆಯಲ್ಲ, ಒಂದು ಜೋಳದ ಚೀಲ. ಜಟಕಾದವನು ಅದನ್ನು ಒಳಗೆ ತಂದು ಇಡುವವರೆಗೂ ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೈಕಾಲು ತೊಳೆದು ಬಂದು, ತಮ್ಮನನ್ನು ಎತ್ತಿಕೊಂಡು, ಅಮ್ಮನಿಗೆ ತನ್ನ ಕಾನೂನು ಹೇಳಿದಳು.

"ಕೊಟ್ಟ ಮಗಳ ಮನಿ ಕಾಳು ನಾ ಮುಟ್ಟಂಗಿಲ್ಲ. ನಮ್ಮವ್ವ ನನ್ನ ಮನಿಗೆ ಬಂದಾಗ ಮುಟ್ಟಿಲ್ಲ, ಆಕಿ ಅವ್ವನೂ ಮುಟ್ಟಿಲ್ಲ. ನನ್ನ ಜೋಳ ನಾ ತಂದೀನಿ, ಎರಡು ತಿಂಗಳಿಗೆ ಆಗ್ತೈತಿ. ಇದು ತೀರಿದ ದಿನ ನಾ ಬಸ್ ಹತ್ತಾಕಿ. ಅಷ್ಟರಾಗ ನೀ ಬ್ಯಾರೆ ದಾರಿ ನೋಡ್ಕೋ."

ನೀರು, ಉಪ್ಪು, ಪಲ್ಯಕ್ಕೆಲ್ಲ ವಿನಾಯಿತಿ ಇತ್ತು. ಪಲ್ಯ ಮಣ್ಣಿನಿಂದ ಬಂದದ್ದು, ಅದಕ್ಕೆ ದೋಷವಿಲ್ಲವಂತೆ. "ಜೋಳನೂ ಮಣ್ಣಿಂದನ ಬರ್ತೈತಲ್ಲವ್ವ?" ಅಂತ ನಾನು ಕೇಳಿದ್ದಕ್ಕೆ, "ಭಾಳ ಶಾಣ್ಯಾಕಿ ಆಗಬ್ಯಾಡ" ಎಂದು ತಲೆಗೆ ಮೊಟಕಿದಳು.

ಅವ್ವ ಬಂದ ಮೇಲೆ ಮನೆಗೊಂದು ಕಳೆ ಬಂತು. ಅಮ್ಮ ಬೆಳಿಗ್ಗೆ ಒಂದು ದಿಕ್ಕಿಗೆ, ನಾನು ಒಂದು ದಿಕ್ಕಿಗೆ, ಅಪ್ಪ ಮಿಲ್ಲಿಗೆ. ಸಂಜೆ ಬಂದರೆ ತಮ್ಮ ಎಣ್ಣೆ ಹಚ್ಚಿಸಿಕೊಂಡು ಮಿರಿಮಿರಿ ಮಿಂಚುತ್ತ ಕೂತಿರುತ್ತಿದ್ದ. ಅಪ್ಪ ಅತ್ತೆಯೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. "ನಿಮ್ಮವ್ವಗ ಚಾ ಬೇಕೇನು ಕೇಳು" ಎಂದು ನನಗೆ ಹೇಳುತ್ತಿದ್ದ, ಅವ್ವ ಎರಡು ಮೊಳ ದೂರದಲ್ಲೇ ಕೂತಿದ್ದರೂ. ಅವ್ವನೂ "ಬ್ಯಾಡ ಅಂತ ಹೇಳು" ಅನ್ನುತ್ತಿದ್ದಳು. ಇಬ್ಬರ ನಡುವೆ ಟಪಾಲಿನವಳಂತೆ ಓಡಾಡಿ ನನಗೆ ಸಾಕಾಗಿತ್ತು.

ಭಾನುವಾರ ಭಾನುವಾರ ಅವ್ವ ಚೀಲದಿಂದ ಒಂದು ವಾರಕ್ಕಾಗುವಷ್ಟು ಜೋಳ ತೆಗೆದು ಮೊರಕ್ಕೆ ಹಾಕಿ ಹಸನು ಮಾಡುತ್ತಿದ್ದಳು. ನಾನು ಅದನ್ನು ಗಿರಣಿಗೆ ಒಯ್ದು ಬೀಸಿಸಿಕೊಂಡು ಬರಬೇಕು. ಅವ್ವನ ಹಿಟ್ಟು ಬೇರೆ ಡಬ್ಬಿ, ನಮ್ಮದು ಬೇರೆ. ಪ್ರತಿ ಸಲವೂ ಅವ್ವ ಚೀಲದ ಬಾಯಿಯನ್ನು ಇನ್ನೊಂದು ಮಡಿಕೆ ಹೊರಳಿಸಿ ಇಡುತ್ತಿದ್ದಳು. ನನ್ನ ಸೊಂಟಕ್ಕೆ ಬರುತ್ತಿದ್ದ ಚೀಲ ಮೊಣಕಾಲಿಗೆ ಬಂತು. ಶಾಲೆಯಲ್ಲಿ ಮಗ್ಗಿ ಹೇಳುವಾಗಲೂ ನನಗೆ ಆ ಚೀಲವೇ ಕಾಣುತ್ತಿತ್ತು. ಅದು ನೆಲಕ್ಕೆ ಬಂದ ದಿನ ನನ್ನ ಶಾಲೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಅಮ್ಮ ಬೇರೆ ದಾರಿ ಹುಡುಕುತ್ತಲೇ ಇದ್ದಳು, ಸಿಕ್ಕಿರಲಿಲ್ಲ. ಅಪ್ಪ ಏನೂ ಹುಡುಕುತ್ತಿರಲಿಲ್ಲ, ಅವನ ದಾರಿ ಮನೆಯಲ್ಲೇ ಓಡಾಡಿಕೊಂಡಿತ್ತಲ್ಲ.

ಒಂದು ದಿನ ಅವ್ವ ತಮ್ಮನನ್ನು ಹಿತ್ತಲಲ್ಲಿ ಮೀಸುತ್ತಿದ್ದಾಗ, ನಾನು ನಮ್ಮ ತಗಡಿನ ಡಬ್ಬದಿಂದ ಒಂದು ಲೋಟ ಜೋಳ ತೆಗೆದು ಅವ್ವನ ಚೀಲಕ್ಕೆ ಸುರಿದೆ. ಕೈ ಹಾಕಿ ಚೆನ್ನಾಗಿ ಕಲಸಿದೆ. ಅವ್ವನ ವ್ರತ ಕೆಡಿಸುತ್ತಿದ್ದೇನೆ, ಮುದುಕಿಗೆ ಗೊತ್ತಿಲ್ಲದೆ ಪಾಪ ತಿನ್ನಿಸುತ್ತಿದ್ದೇನೆ ಎಂದು ಭಯ. ಆದರೆ ಶಾಲೆ ಬಿಡುವ ಭಯ ಅದಕ್ಕಿಂತ ದೊಡ್ಡದು. ಮರುದಿನ ಮತ್ತೊಂದು ಲೋಟ. ಆಮೇಲೆ ಅದೇ ರೂಢಿಯಾಯಿತು.

ನಮ್ಮ ಡಬ್ಬ ಬೇಗ ಬೇಗ ಬರಿದಾಗತೊಡಗಿತು. ಇಲಿ ಸೇರಿದೆ ಎಂದು ಅಮ್ಮ ಗೊಣಗಿದಳು. ಅಪ್ಪ ಒಂದು ಇಲಿಬೋನು ತಂದು ಡಬ್ಬದ ಪಕ್ಕದಲ್ಲಿಟ್ಟ. ತಿಂಗಳಾದರೂ ಅದರಲ್ಲಿ ಒಂದು ಇಲಿಯೂ ಬೀಳಲಿಲ್ಲ. ಈ ಊರಿನ ಇಲಿಗಳು ಭಾಳ ಹುಷಾರು ಎಂದು ಅಪ್ಪ ಮೆಚ್ಚಿಕೊಂಡ. ಅವ್ವ ಮಾತ್ರ ಇಲಿಯ ಬಗ್ಗೆ ಏನೂ ಹೇಳಲಿಲ್ಲ. ಮೊರದ ಮುಂದೆ ಕೂತಾಗ ಒಂದೊಂದು ಸಲ ಒಂದು ಕಾಳು ತೆಗೆದು ಹಲ್ಲಿಗೆ ಹಾಕಿ ಕಚ್ಚಿ ನೋಡುತ್ತಿದ್ದಳು, ಮತ್ತೆ ಹಸನು ಮಾಡುತ್ತಿದ್ದಳು.

ಹೀಗೆ ಅವ್ವ ಬಂದು ನಾಲ್ಕು ತಿಂಗಳಾಯಿತು. ಒಂದು ಬೆಳಿಗ್ಗೆ ಅಮ್ಮ ಜಡೆ ಹೆಣೆದುಕೊಳ್ಳುತ್ತಿದ್ದಳು, ನಾನು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಅವ್ವ ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದೆ. ಆಗ ಹೊಳಗುಂದದ ಮಾಮ, ಅಮ್ಮನ ಅಣ್ಣ, ಬಾಗಿಲಲ್ಲಿ ನಿಂತ. ಬಂಡಿಯಲ್ಲಿ ಮಾರ್ಕೆಟ್ಟಿಗೆ ಹತ್ತಿ ತಂದಿದ್ದನಂತೆ. ಕೂತು ನೀರು ಕುಡಿಯುತ್ತಲೇ ಮಾತು ಶುರು ಮಾಡಿದ.

"ಮಗ ಇದ್ದೂ ಮಗಳ ಮನ್ಯಾಗ ಎಷ್ಟು ದಿನ ಅಂತ ಇರ್ತಿಯವ್ವ? ಊರಾಗ ಮಂದಿ ನನ್ನ ಮಾರಿ ಮ್ಯಾಲೆ ಕೇಳ್ತಾರ. ನಡಿ, ಸಂಜಿ ಬಂಡ್ಯಾಗ ಹೋಗೋಣು."

"ನನ್ನ ಜೋಳ ಇನ್ನೂ ತೀರಿಲ್ಲಪ್ಪ" ಎಂದಳು ಅವ್ವ, ರೊಟ್ಟಿ ತಿರುವಿ ಹಾಕುತ್ತ.

"ಎರಡು ತಿಂಗಳದ್ದು ನಾಲ್ಕು ತಿಂಗಳು ಹೆಂಗ ಬಂತು?"

ಮಾಮ ಎದ್ದು ಚೀಲದ ಹತ್ತಿರ ಹೋದ. ಬಾಯಿ ಬಿಚ್ಚಿ ಒಂದು ಹಿಡಿ ಜೋಳ ತೆಗೆದು, ಬಾಗಿಲ ಬೆಳಕಿಗೆ ಬಂದು ಅಂಗೈ ಅಗಲಿಸಿದ. ಆಗ ನಾನೂ ಮೊದಲ ಸಲ ಸರಿಯಾಗಿ ನೋಡಿದೆ. ಅವ್ವನ ಹೊಳಗುಂದದ ಜೋಳ ದಪ್ಪಗೆ, ದುಂಡಗೆ, ಬೆಳ್ಳಗೆ ಹೊಳೆಯುತ್ತಿತ್ತು. ಅದರ ನಡುವೆ ಅಂಗಡಿಯ ಹೈಬ್ರಿಡ್ ಜೋಳ, ಸಣ್ಣ, ಮಾಸಲು ಬಣ್ಣದ್ದು. ಹುಟ್ಟಿದಾಗಿನಿಂದ ಜೋಳ ತಿಂದವಳು ನಾನು, ಅದರ ಮುಖವನ್ನೇ ನೋಡಿರಲಿಲ್ಲ. ಜೋಳ ಅಂದರೆ ಜೋಳ ಅಂದುಕೊಂಡಿದ್ದೆ. ಹೊಲದವರ ಎದುರಿಗೆ ಇಂಥ ಕಳ್ಳತನ ಮಾಡುವ ದಡ್ಡಿ ನನ್ನಂಥವಳು ಇನ್ನೊಬ್ಬಳಿರಲಿಕ್ಕಿಲ್ಲ.

"ನಮ್ಮ ಹೊಲದಾಗ ಹೈಬ್ರಿಡ್ ಯಾವಾಗ ಬಿತ್ತಿದ್ವಿ ಅವ್ವ?" ಎಂದ ಮಾಮ.

ಅಮ್ಮ ಜಡೆ ಅರ್ಧಕ್ಕೇ ಬಿಟ್ಟು ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಎಲ್ಲ ಬರೆದಿತ್ತು ಅಂತ ಕಾಣುತ್ತದೆ. ಅವ್ವ ಈಗ ಎದ್ದು ಚೀಲವನ್ನು ಒದೆಯುತ್ತಾಳೆ, ಕೆಟ್ಟೆನಲ್ಲೋ ಶಿವನೇ ಎಂದು ತಲೆ ಚಚ್ಚಿಕೊಳ್ಳುತ್ತಾಳೆ, ಸಂಜೆಯ ಬಂಡಿ ಹತ್ತುತ್ತಾಳೆ ಎಂದುಕೊಂಡೆ.

ಅವ್ವ ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣೆತ್ತಲಿಲ್ಲ. "ನೀ ಹೊಲಕ್ಕ ಹೋಗೋದು ಬಿಟ್ಟು ಪ್ಯಾಟಿ ತಿರುಗಾಕ ಹತ್ತಿ ಭಾಳ ದಿನ ಆತು. ಹೊಲದಾಗ ಏನು ಬೆಳದೈತಿ ಅಂತ ನಿನಗೇನು ಗೊತ್ತು?" ಎಂದಳು.

ಮಾಮ ಅಂಗೈಯ ಜೋಳವನ್ನೂ ನನ್ನ ಮುಖವನ್ನೂ ನೋಡಿದ. ಆಮೇಲೆ ಜೋಳವನ್ನು ಒಂದು ಕಾಳೂ ಚೆಲ್ಲದಂತೆ ಚೀಲಕ್ಕೆ ಬಿಟ್ಟು, ಬಾಯಿ ಮಡಿಚಿದ. "ಸರೆ. ತೀರೋ ತನಕ ಇರು" ಎಂದ. ಊರಿನವರಿಗೆ ಏನು ಹೇಳಿದನೋ ನನಗೆ ಗೊತ್ತಿಲ್ಲ. ಬಿಸಿ ರೊಟ್ಟಿ ಎರಡು ತಿಂದು ಮಾರ್ಕೆಟ್ಟಿಗೆ ಹೋದ.

ಅವನು ಓಣಿ ದಾಟಿದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದಳು. ನಾನು ಹೋಗುವ ಮೊದಲೇ ಅಳುತ್ತಿದ್ದೆ.

"ಯಾವಾಗ ಗೊತ್ತಾತವ್ವ?"

"ನೀ ಹಾಕಿದ ಮೊದಲ್ನೇ ಐತಾರನ. ಮೊರದಾಗ ಹಾಕಿದ್ರ ಕಾಣಂಗಿಲ್ಲೇನು? ನನಗೇನು ಕಣ್ಣು ಹೋಗ್ಯಾವೇನು?"

"ಮತ್ತ ಯಾಕ ತಿಂದಿ?"

ಅವ್ವ ಕೈಗೆ ಹತ್ತಿದ್ದ ಹಿಟ್ಟನ್ನು ತಿಕ್ಕಿ ತಿಕ್ಕಿ ಉದುರಿಸಿದಳು.

"ನಾ ಆರು ವರ್ಷದಾಕಿ ಇದ್ದಾಗ ನನ್ನ ತಮ್ಮನ್ನ ಎತ್ಕೊಂಡೆ. ಅವತ್ತಿಂದ ಒಂದಿಲ್ಲೊಂದು ಕೂಸು ಎತ್ಕೊಂಡ ಅದೀನಿ. ಸಾಲಿ ಬಾಗಿಲಾ ಹೆಂಗೈತಿ ನೋಡಿಲ್ಲ" ಎಂದಳು. ಆಮೇಲೆ ಅಮ್ಮನಿಗೂ ಕೇಳುವಂತೆ ಹೇಳಿದಳು, "ಇನ್ನ ಮ್ಯಾಲೆ ಕದ್ದು ಹಾಕಬ್ಯಾಡ. ನಾಳಿಂದ ನಿಮ್ಮ ಡಬ್ಬಿ ಜೋಳನ ತಿಂತೀನಿ. ನಮ್ಮವ್ವಗ ನಾ ಮ್ಯಾಲೆ ಹೋದ ಮ್ಯಾಲೆ ಜವಾಬು ಹೇಳ್ಕೊಂತೀನಿ."

ನನ್ನ ಕಂಕುಳಿಂದ ತಮ್ಮನನ್ನು ಬಿಡಿಸಿ ತಾನು ಎತ್ತಿಕೊಂಡಳು.

"ನಡಿ, ಸಾಲಿಗೆ ಹೊತ್ತಾತು."