ಮೂರನೆಯ ಕೈ ಅರಗು

ಅಣ್ಣನ ಸೈಕಲ್ಲಿನ ಹಿಂದಿನ ಗಾಲಿಗೆ ನಾನು ಮೂರನೆಯ ಕೈ ಅರಗು ಹಚ್ಚಲಿಲ್ಲ. ಹಚ್ಚಿದೆ ಎಂದು ಸುಳ್ಳು ಹೇಳಿದೆ. ನಿಜ ಹೇಳಲು ಒಂಬತ್ತು ವರ್ಷ ಬೇಕಾಯಿತು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆಯುವುದು ನಿಧಾನ. ಆದರೂ ಇದನ್ನು ಬೇರೆಯವರಿಂದ ಬರೆಸಲು ಮನಸ್ಸಾಗಲಿಲ್ಲ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಮನೆ. ಅಪ್ಪ ಬಡಗಿ. ಕುರ್ಚಿ ಬೀರುಗಳಿಗೆ ಹೊಳಪು ಬರಲು ಅರಗನ್ನು ಸ್ಪಿರಿಟಿನಲ್ಲಿ ನೆನೆಹಾಕಿ ಬಟ್ಟೆಯಿಂದ ಹಚ್ಚುವ ಕೆಲಸ ನನ್ನದು; ಒಂದು ಸಲ ಬಳಿದರೆ ಒಂದು ಕೈ. ಮನೆಯೆಲ್ಲ ಅದರದೇ ವಾಸನೆ. ಅವ್ವ ಮಾಡಿದ ಉಪ್ಪಿಟ್ಟೂ ಪಾಲಿಶ್ ಆಗೈತೆ ಎಂದು ಅಣ್ಣ ನಗುತ್ತಿದ್ದ.

ಅಣ್ಣ ಹತ್ತಿ ಗಿರಣಿಗೆ ಸೇರಿದ. ಗಿರಣಿಯ ಆಟೋಟದಲ್ಲಿ ಬಾಡಿಗೆ ಸೈಕಲ್ ತುಳಿದು ಎಲ್ಲರನ್ನೂ ಹಿಂದೆ ಹಾಕಿದ್ದನ್ನು ಕಂಡು ಅಲ್ಲಿನ ಮೇಸ್ತ್ರಿಯೊಬ್ಬರು ಅವನಿಗೆ ಪಂದ್ಯದ ಹಳೆಯದೊಂದು ಟ್ರ್ಯಾಕ್ ಸೈಕಲ್ ಕೊಡಿಸಿದರು. ಅದಕ್ಕೆ ಬ್ರೇಕೇ ಇಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ. ಪಾಳಿಗೆ ಮುಂಚೆ ಹರಿಹರದ ಸೇತುವೆ ಮುಟ್ಟಿ ವಾಪಸು ಬರುವಾಗ, ನಮ್ಮ ಬೀದಿಯ ಚಹಾದಂಗಡಿ ದಾಟಿ ಎಷ್ಟೋ ದೂರ ಹೋಗಿ ನಿಲ್ಲುತ್ತಿದ್ದ.

"ಏನೋ ಸರದಾರ, ಬ್ರೇಕ್ ಮಾರಿ ಮಂಡಕ್ಕಿ ತಿಂದ್ಯೇನೋ?" ಎಂದು ಅಂಗಡಿಯವರು ಕೂಗುತ್ತಿದ್ದರು.

"ನಿಮ್ ಚಾ ಕಂಡ್ರೆ ಕಾಲು ತಾವೇ ಓಡ್ತಾವ್ರಿ!"

ಆ ಸೈಕಲ್ಲಿನ ಟೈರನ್ನು ಗಾಲಿಗೆ ಅರಗಿನಿಂದ ಅಂಟಿಸಬೇಕು. ಎರಡು ಕೈ ಹಚ್ಚಿ, ಒಂದೊಂದನ್ನೂ ಒಣಗಿಸಿ, ಮೂರನೆಯದು ಹಸಿ ಇರುವಾಗಲೇ ಟೈರು ಕೂರಿಸಿ, ಒಂದು ದಿನ ಬಿಡಬೇಕು. ಸೈಕಲ್ ಅಂಗಡಿಯ ಮೆಕ್ಯಾನಿಕ್ಕುಗಳಿಗೆ ಇದು ಗೊತ್ತಿರಲಿಲ್ಲ. ಬಡಗಿಯ ಮಗಳಿಗೆ ಅರಗು ಕೈಗೂಡಿತ್ತು. "ನನ್ನ ಮೆಕ್ಯಾನಿಕ್ ಲಂಗ ಉಡ್ತಾಳೆ" ಎಂದು ಅಣ್ಣ ಗಿರಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ನಾನು ಉಬ್ಬಿಹೋಗಿದ್ದೆ.

ದೂರದ ಊರಿನ ಸಿಮೆಂಟ್ ಟ್ರ್ಯಾಕಿನಲ್ಲಿ ಅವನ ಮೊದಲ ದೊಡ್ಡ ಪಂದ್ಯ. ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ಮೂರನೆಯ ಕೈ ಹಚ್ಚಬೇಕಿತ್ತು. ಪಕ್ಕದ ಮನೆಯ ಗೆಳತಿ ಮಧ್ಯಾಹ್ನದ ಸಿನಿಮಾಕ್ಕೆ ಕರೆದಳು. ತಲೆ ಬಾಚಿ, ಹೂ ಮುಡಿದು, ಇದ್ದ ಒಂದೇ ಒಳ್ಳೆಯ ರವಿಕೆ ಹುಡುಕುವುದರಲ್ಲೇ ಬೆಳಗು ಕಳೆಯಿತು. ಸಂಜೆ ಬಂದು ನೋಡಿದರೆ ಗಾಲಿ ಇಟ್ಟಲ್ಲೇ ಇತ್ತು. ಈಗ ಹಚ್ಚಿದರೆ ಟೈರಿನಂಚಿನ ಹಸಿ ಅರಗು ಕಂಡು, ತಡವಾಗಿ ಹಚ್ಚಿದ್ದು ಅಣ್ಣನಿಗೆ ತಿಳಿಯುತ್ತದೆ ಎನಿಸಿತು. ಒಣಗಿದ ಎರಡು ಕೈಯ ಮೇಲೆಯೇ ಟೈರು ಎಳೆದು ಕೂರಿಸಿ ಗಾಳಿ ತುಂಬಿದೆ. ಬಿಗಿಯಾಗಿಯೇ ಕಂಡಿತು.

"ಮೂರೂ ಕೈ ಆತೇನವ್ವಾ?"

"ಆತಣ್ಣ."

ಅವನು ಗಾಲಿಯನ್ನು ಮುಟ್ಟಿಯೂ ನೋಡಲಿಲ್ಲ.

ನಾಲ್ಕನೆಯ ದಿನ ಕೈಯನ್ನು ಬಟ್ಟೆಯಲ್ಲಿ ಕೊರಳಿಗೆ ತೂಗುಹಾಕಿಕೊಂಡು ಬಂದ. ತಿರುವಿನಲ್ಲಿ ಬಿದ್ದು ಭುಜದ ಎಲುಬು ಮುರಿದಿತ್ತು. ಬಿದ್ದ ಏಟಿಗೆ ಟೈರು ಕಳಚಿತು ಎಂದು ಅಲ್ಲಿ ಎಲ್ಲರೂ ಅಂದುಕೊಂಡಿದ್ದರು. ಗಾಲಿಯ ಮೇಲಿನ ಅರಗು ಗಾಜಿನಂತೆ ನುಣ್ಣಗಿತ್ತು, ಟೈರಿನ ಒಂದು ನೂಲೂ ಅಂಟಿರಲಿಲ್ಲ. ಅದನ್ನು ಕಂಡು, ಟೈರು ಕಳಚಿದ್ದರಿಂದಲೇ ಅಣ್ಣ ಬಿದ್ದ ಎಂದು ತಿಳಿದವಳು ನಾನೊಬ್ಬಳೇ.

"ನಂದೇ ತಪ್ಪು. ಜಾಸ್ತಿ ಬಗ್ಗಿಬಿಟ್ಟೆ," ಎಂದ ಅಣ್ಣ. ನಾನು ಅವನಿಗೆ ಮುದ್ದೆ ಮುರಿದು ತಿನ್ನಿಸುತ್ತಾ ಕೂತಿದ್ದೆ.

ಆಮೇಲಿನ ದಿನಗಳು ಒಳ್ಳೆಯವೇ. ಎರಡು ವರ್ಷಕ್ಕೆ ಅಣ್ಣ ಚಾಂಪಿಯನ್ ಆದ, ಮತ್ತೆ ಮೂರು ಸಲ ಆದ. ಗೆದ್ದ ಬೆಳ್ಳಿ ಕಪ್ಪಿನಲ್ಲಿ ಅವ್ವ ಜೀರಿಗೆ ತುಂಬಿಟ್ಟಳು. ನನ್ನನ್ನು ಹರಿಹರಕ್ಕೆ ಕೊಟ್ಟರು. ಸೇತುವೆ ಮುಟ್ಟಲು ಬಂದಾಗಲೆಲ್ಲ ಅಣ್ಣ ಗಾಲಿ ತರುತ್ತಿದ್ದ, ಮೂರು ಕೈ ಹಚ್ಚಿ ಕೊಡುತ್ತಿದ್ದೆ. ನನ್ನ ಗಂಡ, "ನಮ್ ಬಾಗಿಲಿಗೆ ಒಂದ್ ಕೈ ಪಾಲಿಶ್ ಇಲ್ಲ, ಅಣ್ಣನ ಗಾಲಿಗೆ ಮೂರು" ಎಂದು ಕಾಡುತ್ತಿದ್ದರು. ಆದರೆ ತಿರುವು ಬಂದಾಗಲೆಲ್ಲ ಅಣ್ಣ ಕಾಲು ಸಡಿಲ ಬಿಡುತ್ತಾನೆ, ನೇರ ದಾರಿಯಲ್ಲಿ ತುಳಿದು ಗೆಲ್ಲುತ್ತಾನೆ ಎಂದು ನೋಡಿದವರು ಹೇಳುತ್ತಿದ್ದರು.

ರೇಸು ಬಿಟ್ಟ ವರ್ಷ ಒಂದು ಬೆಳಿಗ್ಗೆ ಬಂದು ನಮ್ಮ ಜಗಲಿಯ ಮೇಲೆ ಕೂತ. ಹೊಸಬರಿಗೆ ಸೈಕಲ್ ರೇಸು ಕಲಿಸಲು ಬರ್ರಿ ಎಂದು ರೇಸಿನವರು ಕರೆದಿದ್ದರಂತೆ.

"ಒಲ್ಲೆ ಅಂದೆ," ಎಂದ.

"ಯಾಕಣ್ಣ? ನಿನಗಿಂತ ಚಲೋ ಯಾರು ಅದಾರೆ?"

"ತಿರುವಿನಾಗ ಎಷ್ಟು ಬಗ್ಗಬೇಕು ಅನ್ನೋದು ನನಗೇ ತಿಳೀಲಿಲ್ಲ. ಮಂದಿ ಮಕ್ಕಳಿಗೆ ಹೆಂಗೆ ಹೇಳಲಿ? ಬಿದ್ರೆ? ಬ್ಯಾಡ ಬಿಡು." ಚಹಾ ಬಟ್ಟಲು ಕೆಳಗಿಟ್ಟು ನಕ್ಕ. "ಒಂದು ನಿಜ ನೋಡು. ಟೈರಿನ ಚಿಂತೆ ನಂಗೆ ಒಂದಿನಾನೂ ಇರಲಿಲ್ಲ. ನೀನಿದ್ದೆ."

ನನ್ನ ಕೈಯಲ್ಲಿ ಅಕ್ಕಿಯ ಮೊರ ಇತ್ತು. ಅದನ್ನು ನೆಲಕ್ಕಿಟ್ಟು ಅವನ ಎದುರಿಗೆ ಕೂತೆ.

"ಅಣ್ಣ, ನೀನು ಸರಿಯಾಗೇ ಬಗ್ಗಿದ್ದೆ. ಅವತ್ತು ಮೂರನೇ ಕೈ ನಾನು ಹಚ್ಚಿರಲಿಲ್ಲ. ಸಿನಿಮಾಕ್ಕೆ ಹೋಗಿದ್ದೆ. ನೀ ಕೇಳಿದಾಗ ಸುಳ್ಳು ಹೇಳಿದೆ. ಹೋಗು, ಅವರಿಗೆ ಕಲಿಸು. ನಂದು ತಪ್ಪಾತು, ಅಣ್ಣ. ನಿಂದಲ್ಲ, ನಂದು."