ಮೊದಲ ಡಬ್ಬಿ ಪುಕ್ಕಟೆ

ಆ ಮನುಷ್ಯ ಮೊದಲ ಸಲ ಬಂದಾಗ ಏನನ್ನೂ ಮಾರಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ನಂಬಿಕೆ ಬಂತು.

ಎಪ್ಪತ್ತರ ದಶಕದ ನಡುವಿನ ಮಾತು. ಹುನಗುಂದ ಮತ್ತು ಇಳಕಲ್ಲಿನ ನಡುವಿನ ಒಂದು ಹಳ್ಳಿಯ ಹೆರಿಗೆ ಕೇಂದ್ರದಲ್ಲಿ ನಾನು ನರ್ಸ್ ಆಗಿದ್ದೆ. ಎರಡು ಕೋಣೆ, ಮೂರು ಮಂಚ, ಒಬ್ಬ ಆಯಾ, ನಾನು. ಡಾಕ್ಟರು ಹುನಗುಂದದಿಂದ ವಾರಕ್ಕೊಮ್ಮೆ ಬರಬೇಕು. ಬಾರದ ವಾರಗಳೂ ಇರುತ್ತಿದ್ದವು. ನನ್ನ ತವರು ಬಾದಾಮಿ. ತರಬೇತಿ ಮುಗಿಸಿ ಈ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ನನ್ನ ಅವ್ವನಷ್ಟು ವಯಸ್ಸಿನ ಹೆಂಗಸರೂ ನನ್ನನ್ನು ಗೌರವದಿಂದ ಬಾಯಾರ ಎಂದು ಕರೆಯುತ್ತಿದ್ದರು. ಹಾಗೆ ಕರೆದಾಗಲೆಲ್ಲ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಆ ಹೆಮ್ಮೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮುಂದೆ ನಡೆದದ್ದರಲ್ಲಿ ಅದಕ್ಕೂ ಪಾಲಿದೆ.

ಆತ ಧಾರವಾಡದ ಕಡೆಯವನು. ವಯಸ್ಸು ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಚರ್ಮದ ಚೀಲ. ಕೂಸುಗಳಿಗೆ ಹಾಲಿನ ಪುಡಿ ಮಾಡುವ ಮುಂಬಯಿಯ ಕಂಪನಿಯಿಂದ ಬಂದಿದ್ದೇನೆ ಎಂದ. ಸ್ಟೂಲಿನ ಮೇಲೆ ಕುಳಿತು ಒಂದು ನೋಟ್‌ಬುಕ್ ತೆಗೆದ.

"ಸಿಸ್ಟರ್, ತಪ್ಪ ತಿಳ್ಕೋಬ್ಯಾಡ್ರಿ. ನಾ ಮಾರಾಕ ಬಂದಿಲ್ಲ. ಬರೇ ಕೇಳಾಕ ಬಂದೇನಿ."

ಕೇಳಿದ್ದು ಬಹಳ. ತಿಂಗಳಿಗೆ ಎಷ್ಟು ಹೆರಿಗೆ, ಅದರಲ್ಲಿ ಚೊಚ್ಚಲು ಎಷ್ಟು, ಗಂಡಂದಿರ ಕೆಲಸವೇನು, ಕೂಲಿ ಕೈಗೆ ಬರುವುದು ವಾರಕ್ಕೋ ಸುಗ್ಗಿಗೋ, ಯಾರ ಮನೆಯಲ್ಲಿ ರೇಡಿಯೋ ಇದೆ, ಬಾಣಂತಿಯ ವಿಷಯದಲ್ಲಿ ಮನೆಯೊಳಗೆ ಯಾರ ಮಾತು ನಡೆಯುತ್ತದೆ. ನಾನು ರಿಜಿಸ್ಟರ್ ತೆರೆದು ತೋರಿಸಿದೆ. ಅಷ್ಟು ಓದಿದವನೊಬ್ಬ ನನ್ನ ಕೆಲಸದ ಬಗ್ಗೆ ಇಷ್ಟು ಆಸಕ್ತಿಯಿಂದ ಕೇಳಿದ್ದು ಅದೇ ಮೊದಲು. ಆಮೇಲೆ ಎರಡು ತಿಂಗಳಿಗೊಮ್ಮೆ ಬಂದ. ಪ್ರತಿ ಸಲವೂ ಹೊಸ ಪ್ರಶ್ನೆ ತರುತ್ತಿದ್ದ. ಕುಡಿಯುವ ನೀರು ಎಲ್ಲಿಂದ ತರುತ್ತಾರೆ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಊರಿನ ಹೆಂಗಸರು ಹಳ್ಳದ ಉಸುಕಿನಲ್ಲಿ ಗುಂಡಿ ತೋಡಿ, ಜಿನುಗಿದ ನೀರನ್ನು ಬಟ್ಟಲಿನಿಂದ ಕೊಡಕ್ಕೆ ತುಂಬುತ್ತಿದ್ದರು. ಅದನ್ನು ನಾನಾಗಿಯೇ ಹೇಳಬಹುದಿತ್ತು. ಹೇಳಲಿಲ್ಲ.

ಒಂದು ವರ್ಷದ ಮೇಲೆ, ಸುತ್ತಲಿನ ನಾಲ್ಕಾರು ನರ್ಸುಗಳನ್ನು ಬಾಗಲಕೋಟೆಗೆ ಊಟಕ್ಕೆ ಕರೆದರು. ಬಸ್ ಚಾರ್ಜು ಕಂಪನಿಯದೇ. ಪೇಟೆಯ ಒಂದು ಖಾನಾವಳಿಯ ಮಾಳಿಗೆಯ ಮೇಲೆ ಬಾಳೆ ಎಲೆ ಹಾಕಿ ಹೋಳಿಗೆ ಬಡಿಸಿದರು. ಮುಂಬಯಿಯಿಂದ ಒಬ್ಬ ಮ್ಯಾನೇಜರ್ ಬಂದಿದ್ದ, ತೆಳ್ಳಗೆ, ಮೆಲುದನಿಯವನು. ಊಟವಾದ ಮೇಲೆ ಪಕ್ಕದ ಮೇಜಿನ ಮೇಲೆ ನಕಾಶೆ ಹರವಿ, ಏಜೆನ್ಸಿ ಹಿಡಿಯಲಿದ್ದ ಬಾಗಲಕೋಟೆಯ ಒಬ್ಬ ವ್ಯಾಪಾರಿಗೆ ಹಿಂದಿಯಲ್ಲಿ ಹೇಳತೊಡಗಿದ. ನಾನು ಹಿಂದಿ ಪರೀಕ್ಷೆ ಪಾಸು ಮಾಡಿದ್ದೆ. ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡೆ.

ಬಾಗಲಕೋಟೆಯಲ್ಲಿ ಆಫೀಸರುಗಳ ಮನೆಗಳು ಹೇಗೂ ಹುಬ್ಬಳ್ಳಿಯಿಂದ ಡಬ್ಬಿ ತರಿಸಿಕೊಳ್ಳುತ್ತವೆ, ಅಲ್ಲಿ ಅವಸರವಿಲ್ಲ ಎಂದ. ಬಾದಾಮಿಗೆ ಜನ ಬರುತ್ತಾರೆ, ಗುಹೆ ನೋಡಿ ಹೋಗುತ್ತಾರೆ. ಅದು ಕೊನೆಗೆ ಇರಲಿ. ನನ್ನ ತವರೂರನ್ನು ಆತ ಅಷ್ಟು ಹಗುರವಾಗಿ ಬದಿಗೆ ಸರಿಸಿದ್ದಕ್ಕೆ ನನಗೆ ಬೇಸರವಾಗಿತ್ತು. ಎಂಥ ಹುಚ್ಚು ಬೇಸರ! ಆಮೇಲೆ ಆತ ಬೆರಳನ್ನು ಇಳಕಲ್ಲಿನ ಮೇಲೆ ಇಟ್ಟ. ಅಲ್ಲಿ ಮನೆಮನೆಗೂ ಮಗ್ಗವಿದೆ, ವಾರವಾರ ಕೈಗೆ ರೊಕ್ಕ ಬರುತ್ತದೆ, ಸುತ್ತಲಿನ ಹಳ್ಳಿಗಳಲ್ಲೂ ನೇಕಾರರಿದ್ದಾರೆ. ಅಲ್ಲಿಂದ ಶುರು ಮಾಡಿ, ಆಮೇಲೆ ಹುನಗುಂದ.

ವ್ಯಾಪಾರಿಗೆ ಸಂಶಯ. ಆತ ಅಲ್ಲೇ ನಿಂತಿದ್ದ ನಮ್ಮ ಧಾರವಾಡದವನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದ: "ಎದಿಹಾಲು ಪುಕ್ಕಟೆ ಇರೂಮುಂದ ರೊಕ್ಕಾ ಕೊಟ್ಟು ಯಾರ ಒಯ್ತಾರ್ರಿ ಇದನ್ನ?"

ಮ್ಯಾನೇಜರ್‌ಗೆ ಪ್ರಶ್ನೆಯ ಅರ್ಥ ಹೇಳಿದರು. ಆತ ನಗಲಿಲ್ಲ. ಸಾವಧಾನವಾಗಿ ಉತ್ತರ ಕೊಟ್ಟ. "ಅಂಗಡಿಯಿಂದ ಊರು ಹೊಕ್ಕರೆ ಬಹಳ ವರ್ಷ ಕಾಯಬೇಕು. ಹೆರಿಗೆ ಕೋಣೆಯಿಂದ ಹೊಕ್ಕರೆ ಕಾಯಬೇಕಿಲ್ಲ. ಮೊದಲ ಡಬ್ಬಿ ಪುಕ್ಕಟೆ ಕೊಡಿ, ಅದೂ ನರ್ಸಿನ ಕೈಯಿಂದ. ಚೊಚ್ಚಲ ಬಾಣಂತಿಗೆ ಮಾತ್ರ. ಎರಡು ಹೆತ್ತವಳಿಗೆ ಕೊಟ್ಟರೆ ಡಬ್ಬಿ ದಂಡ. ಅವಳಿಗೆ ಎಲ್ಲ ಗೊತ್ತಿರುತ್ತದೆ."

ಇಷ್ಟನ್ನೂ ನಾನು ಕಿವಿಯಾರೆ ಕೇಳಿದೆ. ಅದು ವ್ಯಾಪಾರದ ಜಾಣತನ ಎಂದುಕೊಂಡೆನೇ ಹೊರತು, ಆ ಹೆರಿಗೆ ಕೋಣೆ ನನ್ನದು, ಆ ಕೈ ನನ್ನದು ಎಂದು ಹೊಳೆಯಲಿಲ್ಲ.

ಮುಂದಿನ ವಾರ ಡಬ್ಬಿಗಳ ಪೆಟ್ಟಿಗೆ ಬಂತು. ಜೊತೆಗೆ ಕೂಸು ತೂಗುವ ತಕ್ಕಡಿ. ಅಲ್ಲಿಯವರೆಗೆ ನಾನು ಹುಟ್ಟಿದ ಕೂಸನ್ನು ಕೈಯಲ್ಲಿ ಎತ್ತಿ, ಅಂದಾಜಿನ ಮೇಲೆ ತೂಕ ಬರೆಯುತ್ತಿದ್ದೆ. ತಕ್ಕಡಿಗಾಗಿ ಮೂರು ಸಲ ಅರ್ಜಿ ಹಾಕಿದ್ದರೂ ಬಂದಿರಲಿಲ್ಲ. ಇವರು ಕೇಳದೆಯೇ ಕೊಟ್ಟರು. ಗೋಡೆಗೆ ಕ್ಯಾಲೆಂಡರನ್ನೂ ಕೊಟ್ಟರು. ಅದರಲ್ಲಿ ಗುಂಡು ಗುಂಡಾದ ಬೆಳ್ಳನೆಯ ಕೂಸಿನ ಚಿತ್ರ. ಬಾಣಂತಿಯರು ಅದನ್ನೇ ನೋಡುತ್ತ ಮಲಗುತ್ತಿದ್ದರು.

ಆ ಚಳಿಗಾಲದಲ್ಲಿ ಒಬ್ಬ ಹುಡುಗಿ ಹೆರಿಗೆಗೆ ಬಂದಳು. ಹತ್ತೊಂಬತ್ತು ವರ್ಷ ಇದ್ದೀತು. ಗಂಡ ಬೇರೆಯವರ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ತಾಯಿ ಇಲ್ಲದ ಮಗಳು, ಅತ್ತೆಯೇ ಬಾಣಂತನಕ್ಕೆ ನಿಂತಿದ್ದಳು. ಹೆಣ್ಣು ಕೂಸು, ಒಳ್ಳೇ ತೂಕ. ಎರಡನೇ ದಿನವೂ ಹಾಲು ಸರಿಯಾಗಿ ಇಳಿಯಲಿಲ್ಲ. ಚೊಚ್ಚಲಿಗೆ ಹಾಗೇ ಆಗುತ್ತದೆ, ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚಿದರೆ ಮೂರನೇ ದಿನಕ್ಕೆ ಇಳಿಯುತ್ತದೆ. ಅದು ನನಗೆ ಗೊತ್ತಿತ್ತು. ಕೂಸು ಅಳುತ್ತಿತ್ತು, ಹುಡುಗಿಯೂ ಅಳುತ್ತಿದ್ದಳು, ಇನ್ನೊಂದು ಕೋಣೆಯಲ್ಲಿ ಬೇನೆ ತಿನ್ನುವವಳು ಕೂಗುತ್ತಿದ್ದಳು. ನಾನು ಒಂದು ಡಬ್ಬಿ ಒಡೆದು, ಬಾಟಲಿಯಲ್ಲಿ ಹಾಲು ಕಲಸಿ ಕೊಟ್ಟೆ. ಕೂಸು ಗಟಗಟ ಕುಡಿದು ಮಲಗಿತು.

"ನೋಡವ್ವಾ, ಎಷ್ಟ ಚಂದ ಮಲಗ್ತು" ಎಂದೆ. ಮನೆಗೆ ಹೋಗುವಾಗ ಡಬ್ಬಿ, ಬಾಟಲಿ ಎರಡನ್ನೂ ಅವಳ ಮಡಿಲಿಗೆ ಹಾಕಿದೆ.

ಅತ್ತೆ ಕೈ ಮುಗಿದಳು. "ನಿಮ್ಮ ಕೈಗುಣ ಛಲೋ ಐತ್ರಿ ಬಾಯಾರ."

ಆ ಹುಡುಗಿ ಅತ್ತೆಯ ಜೊತೆ ಮತ್ತೆ ಬಂದದ್ದು ಬೇಸಿಗೆಯಲ್ಲಿ, ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ. ಬಟ್ಟೆ ಬಿಚ್ಚಿ ತಕ್ಕಡಿಯಲ್ಲಿ ಇಟ್ಟೆ. ಹುಟ್ಟಿದ ದಿನಕ್ಕಿಂತ ಕಡಿಮೆ ಇತ್ತು. ತೊಡೆಯ ಚರ್ಮ ಮುದುಕರ ಚರ್ಮದಂತೆ ಮಡಿಕೆ ಬಿದ್ದಿತ್ತು. ಅಳಲಿಕ್ಕೆ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ.

"ಎಷ್ಟ ದಿನದಿಂದ ಹೊಟ್ಟಿ ಕೆಟ್ಟೈತಿ?"

"ಎಂಟ ದಿನ ಆತ್ರಿ."

"ಏನ ಕುಡಸಾಕತ್ತೀ ಕೂಸಿಗೆ?"

"ನೀವು ಕೊಟ್ಟಿದ್ರೆಲ್ರೀ, ಅದ ಡಬ್ಬಿ ಹಾಲು. ಬಸ್‌ಸ್ಟ್ಯಾಂಡಿನ ಅಂಗಡ್ಯಾಗ ಸಿಗತೈತ್ರಿ ಈಗ."

"ಎಷ್ಟ ಚಮಚಾ ಹಾಕ್ತಿ?"

ಅವಳು ಅತ್ತೆಯ ಮುಖ ನೋಡಿದಳು. ಅತ್ತೆಯೇ ಹೇಳಿದಳು: "ಅರ್ಧಾ ಹಾಕ್ತೇವ್ರಿ. ಒಂದ ಡಬ್ಬಿ ತಿಂಗಳ ತನಕ ಬರಬೇಕಲ್ರಿ."

ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ಅಕ್ಕಿ ತೊಳೆದ ನೀರಿನಂತಿತ್ತು. ತಳದಲ್ಲಿ ಸಣ್ಣ ಉಸುಕು. ಬಾಯಿಯ ರಬ್ಬರು ಹುಳಿ ನಾತ ಹೊಡೆಯುತ್ತಿತ್ತು.

"ಎದಿಹಾಲು?"

"ಬತ್ಯಾವ್ರಿ" ಎಂದಳು ಹುಡುಗಿ, ನೆಲ ನೋಡುತ್ತ. ತಪ್ಪು ತನ್ನದೇ ಎಂಬಂತೆ.

ಉಪ್ಪು ಸಕ್ಕರೆ ಬೆರೆಸಿದ ಕಾಸಿದ ನೀರನ್ನು ಚಮಚದಿಂದ ಹಾಕಿದೆ. ಬಾಯಿಯ ಬದಿಯಿಂದ ಹೊರಗೆ ಬಂತು. ಮೊದಲ ಬಸ್ಸು ಹಿಡಿದು ಹುಡುಗಿಯನ್ನೂ ಕೂಸನ್ನೂ ಕರೆದುಕೊಂಡು ಹುನಗುಂದಕ್ಕೆ ಹೋದೆ. ಡಾಕ್ಟರು ಬಹಳ ಹೊತ್ತು ನರ ಹುಡುಕಿದರು. ಸಲೈನ್ ಏರಿಸಲು ಒಂದೂ ಸಿಗಲಿಲ್ಲ. ಬಾಗಲಕೋಟೆಗೆ ಒಯ್ಯಿರಿ, ತಡ ಮಾಡಬೇಡಿ ಎಂದರು. ಮತ್ತೆ ಬಸ್ಸು ಹತ್ತಿದೆವು. ಮಧ್ಯಾಹ್ನದ ಬಿಸಿಲು, ಕಿಟಕಿಯಿಂದ ಬರುವ ಗಾಳಿ ಒಲೆಯ ಮುಂದಿನ ಗಾಳಿಯಂತಿತ್ತು. ಅಮೀನಗಡ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೂಸಿನ ಎದೆಬಡಿತ ನಿಂತಿತು. ನಾನು ಎರಡು ಬೆರಳಿಟ್ಟು ಒತ್ತಿದೆ, ಉಸಿರು ಊದಿದೆ. ಹುಡುಗಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಸೆರಗನ್ನು ಕೂಸಿನ ಮುಖದ ಮೇಲೆ ಎಳೆದುಕೊಂಡಳು.

"ಹೇಳಬ್ಯಾಡ್ರಿ ಬಾಯಾರ. ಬಸ್ಸಿನಿಂದ ಇಳಸ್ತಾರ."

ಬಾಗಲಕೋಟೆಯಲ್ಲಿ ಇಳಿದು, ಅದೇ ನಿಲ್ದಾಣದಲ್ಲಿ ಇಳಕಲ್ಲಿನ ಬಸ್ಸು ಹತ್ತಿದೆವು. ಕಂಡಕ್ಟರು ಟಿಕೆಟು ಹರಿಯುತ್ತ, "ಕೂಸು ಮಲಗೈತೇನ್ರಿ?" ಎಂದು ಪ್ರೀತಿಯಿಂದಲೇ ಕೇಳಿದ. "ಹೌದ್ರಿ" ಎಂದವಳು ನಾನು.

ಆ ಬೇಸಿಗೆಯಲ್ಲಿ ಹೋದದ್ದು ಅದೊಂದೇ ಕೂಸಲ್ಲ. ರಿಜಿಸ್ಟರಿನಲ್ಲಿ ಸಾವಿನ ಕಾರಣದ ಎದುರು ನಾನು "ವಾಂತಿ ಭೇದಿ" ಎಂದೇ ಬರೆದೆ. ಬೇರೇನು ಬರೆಯಬೇಕಿತ್ತೋ ಅದಕ್ಕೆ ಆ ಕಾಲಂನಲ್ಲಿ ಜಾಗವಿರಲಿಲ್ಲ.

ಧಾರವಾಡದವನು ಮುಂದಿನ ಸಲ ಬಂದಾಗ ಉಳಿದ ಡಬ್ಬಿಗಳ ಪೆಟ್ಟಿಗೆಯನ್ನು ಅವನ ಕಾಲ ಬಳಿ ನೂಕಿದೆ. ನಡೆದದ್ದನ್ನೆಲ್ಲ ಹೇಳಿದೆ. ಆತ ಕಲ್ಲು ಮನಸ್ಸಿನವನಲ್ಲ. ಮುಖ ಬಿಳಿಚಿಕೊಂಡಿತು. ಡಬ್ಬಿಯ ಮೇಲೆ ನೀರು ಕಾಸಬೇಕೆಂದು ಬರೆದಿದೆಯಲ್ಲ ಎಂದ. ಓದಲು ಬರದವರಿಗೆ ಬರೆದು ಏನು ಮಾಡುವುದು ಎಂದೆ.

"ಇನ್ನ ಮ್ಯಾಲೆ ಒಂದ ಡಬ್ಬಿನೂ ಕೊಡಂಗಿಲ್ಲ ನಾ. ನಿಮ್ಮ ಸಾಹೇಬ್ರಿಗೆ ಹೇಳ್ರಿ."

ಆತ ನನ್ನನ್ನು ಸಮಾಧಾನ ಮಾಡುವ ದನಿಯಲ್ಲೇ ಹೇಳಿದ: "ಇನ್ನ ಕೊಡೂದ ಬೇಕಾಗಿಲ್ರಿ ಸಿಸ್ಟರ್. ಪುಕ್ಕಟೆ ಡಬ್ಬಿ ಈ ತಿಂಗಳಿಗೆ ಮುಗೀತು. ಅಂಗಡ್ಯಾಗ ತಾನ ಹೊಂಟೈತಿ. ಬರೂ ವರ್ಷ ಬಾದಾಮಿ ಕಡೆ ಹೊಂಟೇವಿ."

ನನ್ನ ಸಿಟ್ಟಿಗೂ ಅಲ್ಲಿ ಕೆಲಸವಿರಲಿಲ್ಲ. ನಾನು ಬಾಗಿಲು ಮುಚ್ಚುವ ಹೊತ್ತಿಗೆ ಅವರು ಒಳಗೆ ಬಂದು, ಕೆಲಸ ಮುಗಿಸಿ, ಮುಂದಿನ ಊರಿಗೆ ಹೊರಟಿದ್ದರು. ಮೇಲಿನವರಿಗೆ ಪತ್ರ ಬರೆದೆ. ಉತ್ತರ ಬರಲಿಲ್ಲ. ಮನೆಮನೆಗೆ ಹೋಗಿ ಬಾಟಲಿ ಬಿಡಿಸಲು ನೋಡಿದೆ. ಕೆಲವರು ನನ್ನ ಮಾತು ಕೇಳಿದರು. ಒಬ್ಬಾಕೆ ಬಾಗಿಲಲ್ಲೇ ನಿಲ್ಲಿಸಿ, "ಆವತ್ತ ನೀವ ಕೊಟ್ರಿ, ಇವತ್ತ ನೀವ ಬ್ಯಾಡಂತೀರಿ. ಯಾವದು ಖರೆ?" ಎಂದಳು. ನಾನು ತಲೆ ತಗ್ಗಿಸಿ ಮುಂದಿನ ಮನೆಗೆ ಹೋದೆ. ಕ್ಯಾಲೆಂಡರನ್ನು ಹರಿದು ಒಲೆಗೆ ಹಾಕಿದೆ. ತಕ್ಕಡಿಯನ್ನು ಮಾತ್ರ ಇಟ್ಟುಕೊಂಡೆ; ಬೇರೆ ತಕ್ಕಡಿ ಇರಲಿಲ್ಲ. ಬಾದಾಮಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಜೊತೆಯವಳಿಗೆ ಎಚ್ಚರಿಕೆಯ ಪತ್ರ ಹಾಕಿದೆ. "ಇಲ್ಲೂ ಒಬ್ಬರು ಬಂದಿದ್ದರು, ಮಾರಲಿಲ್ಲ, ಬರೀ ಕೇಳಿಕೊಂಡು ಹೋದರು" ಎಂದು ಅವಳು ಬರೆದಳು.

ಎಂಬತ್ತರ ದಶಕ ಬಂತು. ಡಬ್ಬಿಗಳ ಮೇಲೆ ಎದೆಹಾಲೇ ಶ್ರೇಷ್ಠ ಎಂಬ ಸಾಲು ಕಾಣಿಸಿಕೊಂಡಿತು. ಅಂಗಡಿಗಳಲ್ಲಿ ಡಬ್ಬಿಗಳು ಹಾಗೇ ಇದ್ದವು.

ಆ ಹುಡುಗಿಗೆ ಬಹಳ ವರ್ಷ ಮತ್ತೆ ಮಕ್ಕಳಾಗಲಿಲ್ಲ. ಕೊನೆಗೊಂದು ಮಳೆಗಾಲದಲ್ಲಿ ಹೆರಿಗೆಗೆ ನನ್ನ ಹತ್ತಿರವೇ ಬಂದಳು; ಬೇರೆ ಎಲ್ಲಿಗೂ ಹೋಗಲು ಹಳ್ಳ ದಾಟುವಂತಿರಲಿಲ್ಲ. ಈಗ ಅವಳು ಹುಡುಗಿಯಲ್ಲ, ಕೂದಲು ನರೆಯತೊಡಗಿತ್ತು. ಬೇನೆ ತಿನ್ನುವಷ್ಟು ಹೊತ್ತೂ ನನ್ನ ಕೈ ಹಿಡಿಯಲಿಲ್ಲ, ಮಂಚದ ಕಬ್ಬಿಣ ಹಿಡಿದಿದ್ದಳು. ಗಂಡು ಕೂಸು ಹುಟ್ಟಿತು. ಒರೆಸಿ, ಅರಿವೆಯಲ್ಲಿ ಸುತ್ತಿ ಅವಳ ಮಗ್ಗುಲಿಗೆ ಇಟ್ಟೆ. ಎದೆಗೆ ಹೇಗೆ ಹಚ್ಚಬೇಕೆಂದು ತೋರಿಸಲು ಬಗ್ಗಿದೆ.

"ಗೊತ್ತೈತ್ರಿ ನನಗ" ಎಂದಳು. "ನೀವ ಹೊರಗ ಹೋಗ್ರಿ ಬಾಯಾರ."

ದನಿಯಲ್ಲಿ ಸಿಟ್ಟಿರಲಿಲ್ಲ. ಆಯಾ ನನ್ನ ಮುಖ ನೋಡಿದಳು. ನಾನು ಕೈ ತೊಳೆದುಕೊಂಡು ಹೊರಗೆ ಬಂದು, ಮಳೆ ಸಿಡಿಯುತ್ತಿದ್ದ ಪಡಸಾಲೆಯಲ್ಲಿ ಅವಳ ಗಂಡನ ಪಕ್ಕ ನಿಂತೆ. ಏನು ಕೂಸು ಎಂದು ಆತ ಕೇಳಿದ. ಹೇಳಿದೆ.